ಹಿಮನದಿಯ ಅಂಚಿನ ಕಲ್ಲುಗಳು

ಕೇಳುಗರೆಲ್ಲರಿಗೂ ನಮಸ್ಕಾರ. ಹುಬ್ಬಳ್ಳಿ-ಧಾರವಾಡದಿಂದಲೂ ಗದಗ, ಹಾವೇರಿಗಳಿಂದಲೂ ಲಡಾಖಿಗೆ ಪ್ರವಾಸ ಹೋಗುವವರು ಈಗ ಅಪರೂಪವೇನಲ್ಲ. ಅವರಲ್ಲಿ ಕೆಲವರು ಕಾರ್ಗಿಲ್‌ನಿಂದ ದಕ್ಷಿಣಕ್ಕೆ ತಿರುಗಿ, ಸುರು ನದಿಯ ಕಣಿವೆಯನ್ನು ಹಿಡಿದು ಝನ್ಸ್ಕಾರದವರೆಗೂ ಹೋಗುತ್ತಾರೆ. ದಾರಿಯಲ್ಲಿ 7,135 ಮೀಟರ್ ಎತ್ತರದ ನುನ್ ಶಿಖರ ಕಾಣುತ್ತದೆ. ಮುಂದೆ ಸುಮಾರು 4,400 ಮೀಟರ್ ಎತ್ತರದ ಪೆನ್ಸಿ ಲಾ ಎಂಬ ಕಣಿವೆದಾರಿಯನ್ನು ದಾಟಿದೊಡನೆ, ಸುಮಾರು 23 ಕಿಲೋಮೀಟರ್ ಉದ್ದದ ದ್ರಾಂಗ್-ದ್ರುಂಗ್ ಹಿಮನದಿ ಬೆಟ್ಟಗಳ ನಡುವೆ ಬಳಸಿಕೊಂಡು ಇಳಿದು ಬರುವುದು ಕಣ್ಣಿಗೆ ಬೀಳುತ್ತದೆ. ಗಾಡಿ ನಿಲ್ಲುತ್ತದೆ, ಎಲ್ಲರೂ ಇಳಿದು ಫೋಟೊ ತೆಗೆಸಿಕೊಳ್ಳುತ್ತಾರೆ, ಹತ್ತು ನಿಮಿಷದಲ್ಲಿ ಮತ್ತೆ ಗಾಡಿ ಹತ್ತುತ್ತಾರೆ. ಅಷ್ಟು ದೂರ ಹೋದವರಿಗೆ ಹತ್ತೇ ನಿಮಿಷ ಸಾಕಾಯಿತೇ ಎಂದು ಭೂವಿಜ್ಞಾನ ಕಲಿಸುವ ನನಗೆ ಸಂಕಟವಾಗುತ್ತದೆ. ದಯವಿಟ್ಟು ಹಿಮದ ಅಂಚಿನಲ್ಲಿ ಬಿದ್ದಿರುವ ಕಲ್ಲುಗಳನ್ನು ನೋಡಿರಿ. ಇಂದು ನಾನು ಹೇಳಬೇಕಾದದ್ದು ಇದೊಂದೇ.

ಎತ್ತರದಲ್ಲಿ ಬಿದ್ದ ಹಿಮ ಕರಗದೆ ವರ್ಷಗಟ್ಟಲೆ ಒಂದರ ಮೇಲೊಂದು ಕೂಡುತ್ತಾ ಹೋದಂತೆ, ಮೇಲಿನ ಭಾರಕ್ಕೆ ಕೆಳಗಿನ ಪದರಗಳೊಳಗಿನ ಗಾಳಿ ಹಿಂಡಿ ಹೋಗಿ ಅದು ಗಟ್ಟಿ ಮಂಜುಗಡ್ಡೆಯಾಗುತ್ತದೆ. ಆ ಗಡ್ಡೆ ತನ್ನದೇ ಭಾರಕ್ಕೆ ಇಳಿಜಾರಿನಲ್ಲಿ ನಿಧಾನವಾಗಿ ಹರಿಯುತ್ತದೆ. ನಿಂತು ನೋಡುವವರಿಗೆ ಈ ಹರಿವು ಕಾಣುವುದಿಲ್ಲ, ಕಲ್ಲುಗಳಲ್ಲಿ ಮಾತ್ರ ಕಾಣುತ್ತದೆ.

ಒಮ್ಮೆ ನಮ್ಮ ತಂಡದಲ್ಲಿ ಹಾವೇರಿ ಜಿಲ್ಲೆಯ ತುಂಗಭದ್ರೆಯ ದಂಡೆಯ ರೈತರೊಬ್ಬರಿದ್ದರು. ವಯಸ್ಸಾದವರು, ಮಾತು ಕಡಿಮೆ. ಉಳಿದವರೆಲ್ಲ ಶಿಖರಗಳ ಕಡೆಗೆ ಮುಖ ಮಾಡಿ ನಿಂತಿದ್ದಾಗ ಈ ಯಜಮಾನರು ಹಿಮದ ಪಕ್ಕದ ಕಲ್ಲಿನ ದಿಂಡಿನ ಮೇಲೆ ಕುಕ್ಕರುಗಾಲಿನಲ್ಲಿ ಕುಳಿತು, ಒಂದೊಂದೇ ಕಲ್ಲನ್ನು ಎತ್ತಿ ಹೊರಳಿಸಿ ನೋಡುತ್ತಿದ್ದರು. ನಾನು ಹತ್ತಿರ ಹೋದಾಗ, "ಸರ, ನಮ್ಮ ಹೊಳ್ಯಾಗಿನ ಕಲ್ಲು ಗುಂಡಗ ಇರ್ತಾವ್ರಿ, ಇವ್ಯಾಕ ಹಿಂಗ ಚೂಪ ಅದಾವು? ಮತ್ತ ದೊಡ್ಡ ಬಂಡಿ, ಸಣ್ಣ ಹಳ್ಳು, ಹಿಟ್ಟಿನಂಥಾ ಮಣ್ಣು ಎಲ್ಲಾ ಒಂದ ಕಡೆ ಹ್ಯಾಂಗ ಬಿದ್ದಾವು?" ಎಂದು ಕೇಳಿದರು. ಇಷ್ಟು ನೇರವಾದ ಪ್ರಶ್ನೆ ತರಗತಿಯಲ್ಲಿ ಬಂದರೆ ನಾನು ಅಂದಿನ ಪಾಠವನ್ನು ಬದಿಗಿಟ್ಟು ಅದನ್ನೇ ಹಿಡಿದು ಮಾತನಾಡುತ್ತೇನೆ. ಹರಿಯುವ ನೀರು ಕಲ್ಲುಗಳನ್ನು ಉರುಳಿಸಿ, ಒಂದಕ್ಕೊಂದು ಬಡಿಸಿ ಗುಂಡಗೆ ಮಾಡುತ್ತದೆ. ಸೆಳೆತ ಕುಗ್ಗಿದಂತೆ ದೊಡ್ಡದನ್ನು ಮೊದಲು ಬಿಟ್ಟು, ಉಸುಕನ್ನು ಆಮೇಲೆ, ರೇವೆಯನ್ನು ಕೊನೆಗೆ ಬಿಡುತ್ತದೆ. ಹಿಮಕ್ಕೆ ಆ ಆಯ್ಕೆ ಇಲ್ಲ. ಬೆಟ್ಟದಿಂದ ಕುಸಿದದ್ದನ್ನೆಲ್ಲ ಹೊತ್ತು ತಂದು, ಕರಗಿದ ಜಾಗದಲ್ಲಿ ಎಲ್ಲವನ್ನೂ ಒಟ್ಟಿಗೆ ಇಳಿಸುತ್ತದೆ. ಅವರು ಕೇಳಿಸಿಕೊಂಡು, ಚಪ್ಪಟೆಯಾದ ಒಂದು ಕಲ್ಲನ್ನು ಆರಿಸಿ ಬಾಟಲಿಯ ನೀರು ಹನಿಸಿ ಹೆಬ್ಬೆರಳಿನಿಂದ ಉಜ್ಜಿದರು. ಒದ್ದೆಯಾದ ಮೈಮೇಲೆ ಒಂದೇ ದಿಕ್ಕಿಗೆ ಎಳೆದ ಸಣ್ಣ ಗೀರುಗಳು ಎದ್ದು ಕಂಡವು. "ಕೂರಿಗಿ ಸಾಲು ಇದ್ದಂಗ ಅದಾವಲ್ಲರಿ" ಎಂದರು. ಹಿಮದ ತಳದಲ್ಲಿ ಸಿಕ್ಕ ಕಲ್ಲು ಕೆಳಗಿನ ಬಂಡೆಗೆ ತೇಯುತ್ತಾ ಸಾಗಿದ್ದಕ್ಕೆ ಬಿದ್ದ ಗೀರುಗಳು ಅವು. ಆ ತೇತದಿಂದ ಉದುರಿದ ನುಣುಪಾದ ಪುಡಿಯೇ ಹಿಮನದಿಯಿಂದ ಹೊರಡುವ ನೀರನ್ನು ಬೂದು-ಬಿಳುಪಾಗಿಸುತ್ತದೆ. ಅದನ್ನು ಕೊಳೆ ಎಂದು ಮೂಗು ಮುರಿಯುವವರನ್ನು ಕಂಡಿದ್ದೇನೆ.

ಸಮಯ ಮೀರುತ್ತಿದೆ, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಹಿಮನದಿಯ ಮೈಮೇಲಿನ ಉದ್ದನೆಯ ಕಪ್ಪು ಪಟ್ಟಿಗಳೂ ಕಲ್ಲುಗಳೇ. ಎರಡು ಹಿಮನದಿಗಳು ಕೂಡಿದಾಗ ಅವುಗಳ ಅಂಚಿನ ಕಲ್ಲುಗಳು ನಡುವೆ ಸೇರಿ ಸಾಲಾಗಿ ಸಾಗುತ್ತವೆ. ಹಿಂದೆ ಹಿಮ ತುಂಬಿದ್ದ ಮಟ್ಟವನ್ನು ತೋರಿಸುವ ಪಕ್ಕದ ಕಲ್ಲಿನ ದಿಂಡಿನ ನೆತ್ತಿಯಿಂದ ಇಂದಿನ ಹಿಮದ ಮಟ್ಟದವರೆಗೆ ಎಷ್ಟು ಆಳವಿದೆಯೆಂದು ಅಂದಾಜು ಮಾಡಿರಿ; ಹಿಮನದಿ ಎಷ್ಟು ತೆಳ್ಳಗಾಗಿದೆ ಎಂಬುದು ತಾನಾಗಿಯೇ ತಿಳಿಯುತ್ತದೆ. ಅದರ ತುದಿ ಹಿಂದೆ ಸರಿದ ಜಾಗದಲ್ಲಿ ಈಗ ಕರಗಿದ ನೀರಿನ ಸರೋವರವೇ ನಿಂತಿದೆ. ಕಲ್ಲುಗಳನ್ನು ನೋಡಲು ಅಂಚಿನವರೆಗೆ ಹೋದರೆ ಸಾಕು, ಹಿಮದ ಮೇಲೆ ಮಾತ್ರ ಕಾಲಿಡಬೇಡಿರಿ, ಅಲ್ಲಿ ಆಳವಾದ ಬಿರುಕುಗಳಿರುತ್ತವೆ. ಧಾರವಾಡ ಇರುವುದು ಸುಮಾರು 750 ಮೀಟರ್ ಎತ್ತರದಲ್ಲಿ. ಆದ್ದರಿಂದ ಕಾರ್ಗಿಲ್‌ನಲ್ಲಿ ಎರಡು ರಾತ್ರಿಯಾದರೂ ತಂಗಿ ದೇಹವನ್ನು ಹೊಂದಿಸಿಕೊಂಡು ಮೇಲೇರಿರಿ, ತಲೆನೋವು, ವಾಂತಿ ಹೆಚ್ಚಾದರೆ ಹಟ ಮಾಡದೆ ಕೆಳಗಿಳಿಯಿರಿ. ಚಳಿಗಾಲದಲ್ಲಿ ಪೆನ್ಸಿ ಲಾ ಹಿಮದಿಂದ ಮುಚ್ಚುವುದರಿಂದ ಜುಲೈನಿಂದ ಸೆಪ್ಟೆಂಬರ್‌ವರೆಗಿನ ದಿನಗಳನ್ನು ಆರಿಸಿಕೊಳ್ಳಿರಿ. ಗಾಡಿಯವರಿಗೆ ಅಲ್ಲಿ ಅರ್ಧ ದಿನ ನಿಲ್ಲಬೇಕೆಂದು ಹೊರಡುವ ಮೊದಲೇ ಹೇಳಿಡಿರಿ. ನಮಸ್ಕಾರ.