ಎಡಗಾಲಿನ ಮೂರು ಚುಕ್ಕಿ

ನಮಸ್ಕಾರ. ಜತ್ತ, ಉಮದಿ, ಗಡಹಿಂಗ್ಲಜ, ಅಕ್ಕಲಕೋಟ, ಈಚೆ ಅಥಣಿ, ನಿಪ್ಪಾಣಿ, ಹೀಗೆ ಗಡಿಯ ಎರಡೂ ಮಗ್ಗುಲಿಗೆ ಕುಳಿತು ಬಾನುಲಿ ಕೇಳುತ್ತಿರುವ ಎಲ್ಲರಿಗೂ. ನನಗೆ ಕೊಟ್ಟಿರುವ ವಿಷಯದ ಹೆಸರೇ ಒಂದು ಮಾರುದ್ದ ಇದೆ: ಫ್ಯಾಷನ್ ಮತ್ತು ಐಷಾರಾಮಿ ವಸ್ತುಗಳ ಅಂತರರಾಷ್ಟ್ರೀಯ ಮಾರುಕಟ್ಟೆ. ಕಾಲೇಜಿನಲ್ಲಿ ಇದನ್ನೇ ವರ್ಷಗಟ್ಟಲೆ ಕಲಿಸಿದೆ, ಹುಡುಗರು ಕುಳಿತಲ್ಲೇ ತೂಕಡಿಸುತ್ತಿದ್ದರು. ಅದಕ್ಕೆ ಇವತ್ತು ಒಂದೇ ಮಾತು ಹೇಳುತ್ತೇನೆ. ಮಾಡಿದ ವಸ್ತುವಿನ ಮೇಲೆ ಮಾಡಿದವರ ಗುರುತು ಇರಲಿ. ಚಪ್ಪಲಿ ಹೊಲಿಯುವವರು, ಚಾದರ ನೇಯುವವರು, ಕೌದಿ ಹೊಲಿಯುವ ಅಕ್ಕಂದಿರು, ಎಲ್ಲರಿಗೂ ಇದೇ ಮಾತು.

2025ರ ಜೂನ್‌ನಲ್ಲಿ ಇಟಲಿಯ ಮಿಲಾನ್ ಊರಿನಲ್ಲಿ ಪ್ರಾಡಾ ಕಂಪನಿಯವರು ಗಂಡಸರ ಉಡುಪಿನ ಪ್ರದರ್ಶನ ಇಟ್ಟರು. ಹುಡುಗರು ನಡೆದು ಬಂದರು. ಕಾಲಲ್ಲಿ ಏನಿತ್ತು? ನಮ್ಮ ಕೊಲ್ಹಾಪುರಿ. ಅದೇ ಉಂಗುಟ, ಅದೇ ಪಟ್ಟಿ, ಅದೇ ಚಪ್ಪಟೆ ಅಟ್ಟೆ. ಅವರು ಕೊಟ್ಟ ಹೆಸರು ಮಾತ್ರ ಬರೀ 'ಚರ್ಮದ ಸ್ಯಾಂಡಲ್'. ಕೊಲ್ಹಾಪುರದ ಹೆಸರಿಲ್ಲ, ಅಥಣಿಯ ಹೆಸರಿಲ್ಲ. ನಮ್ಮ ಕಡೆ ಗದ್ದಲ ಎದ್ದ ಮೇಲೆ ಒಂದು ವಾರದೊಳಗೆ ಪತ್ರ ಬರೆದು, ಹೌದು, ಇದರ ಮೂಲ ಭಾರತದ ಕರಕುಶಲವೇ ಎಂದು ಒಪ್ಪಿಕೊಂಡರು. ಜುಲೈನಲ್ಲಿ ಅವರ ತಂಡ ಕೊಲ್ಹಾಪುರಕ್ಕೇ ಬಂದು ನೋಡಿಕೊಂಡು ಹೋಯಿತು. ಡಿಸೆಂಬರ್‌ನಲ್ಲಿ ಮಹಾರಾಷ್ಟ್ರದ ಲಿಡ್‌ಕಾಮ್, ಕರ್ನಾಟಕದ ಲಿಡ್ಕರ್, ಈ ಎರಡು ಚರ್ಮೋದ್ಯಮ ನಿಗಮಗಳ ಜೊತೆ ಒಪ್ಪಂದ ಆಯಿತು. ಇಲ್ಲಿನ ಕುಶಲಕರ್ಮಿಗಳಿಂದ ಮಾಡಿಸಿ ಪ್ರಾಡಾ ಮಾರುವುದು 2,000 ಜೋಡಿ, ಜೋಡಿಗೆ ಸುಮಾರು 800 ಯೂರೋ. ಅಂದರೆ 80,000 ರೂಪಾಯಿಗೂ ಮೇಲೆ!

ಇದು ಹೇಗೆ ಸಾಧ್ಯವಾಯಿತು? ಬರೀ ಗದ್ದಲದಿಂದ ಅಲ್ಲ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲೇ ಭೌಗೋಳಿಕ ಗುರುತು, ಜನ ಜಿಐ ಟ್ಯಾಗ್ ಅನ್ನುತ್ತಾರಲ್ಲ, ಈ ವಸ್ತು ಈ ಸೀಮೆಯದೇ ಎಂಬ ಸರ್ಕಾರಿ ನೋಂದಣಿ, ಅದು ಸಿಕ್ಕಿತ್ತು. ಕೊಲ್ಹಾಪುರ, ಸಾಂಗಲಿ, ಸಾತಾರಾ, ಸೋಲಾಪುರ ಆ ಕಡೆ ನಾಲ್ಕು ಜಿಲ್ಲೆ. ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಈ ಕಡೆ ನಾಲ್ಕು. ಗಡಿಗಾಗಿ ನಾವು ಜಗಳ ಆಡಿದ್ದು ಸಾಕಷ್ಟಿದೆ, ಚಪ್ಪಲಿ ಮಾತ್ರ ಎರಡೂ ಕಡೆಯದು. ಗುರುತು ಇತ್ತು, ಅದಕ್ಕೇ ಕೇಳುವ ಹಕ್ಕು ಇತ್ತು.

ಈಗ ನಮ್ಮೂರಿನ ಒಂದು ಸಂಗತಿ ಹೇಳುತ್ತೇನೆ. ಸ್ವಲ್ಪ ಉದ್ದ ಆಗಬಹುದು.

ನಮ್ಮ ಓಣಿಯ ಕೊನೆಗೆ ಚಪ್ಪಲಿ ಹೊಲಿಯುವ ಒಬ್ಬ ಅಜ್ಜ ಇದ್ದ. ಜಾಲಿ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡಿದ ಎಮ್ಮೆ ಚರ್ಮ, ಒಂದು ಮೊಳೆ ಇಲ್ಲ, ಹೊಲಿಗೆ ಹಾಕುವ ದಾರವೂ ಚರ್ಮದ್ದೇ. ನಡೆದರೆ ಕರ್ರ್ ಕರ್ರ್ ಅನ್ನಬೇಕು. ನಮ್ಮಪ್ಪ ಬರುವುದು ಬಾಗಿಲಿಗೆ ಮೊದಲೇ ಕೇಳುತ್ತಿತ್ತು, ನಾವು ಪುಸ್ತಕ ತೆರೆದು ಕುಳಿತುಬಿಡುತ್ತಿದ್ದೆವು. ಆ ಅಜ್ಜ ಎಡಗಾಲಿನ ಚಪ್ಪಲಿಯ ಕಿವಿಯ, ಅಂದರೆ ಪಕ್ಕದ ಚರ್ಮದ ತುಂಡಿನ, ಒಳಮಗ್ಗುಲಿಗೆ ಆರಿಯ ಮೊನೆಯಿಂದ ಮೂರು ಚುಕ್ಕಿ ಒತ್ತುತ್ತಿದ್ದ. ಎಡಗಾಲೇ ಯಾಕೆ ಅಂತ ಕೇಳಿದ್ದೆ. "ಬಲಗಾಲು ದೇವರ ಗುಡಿಗೆ ಮೊದಲ ಇಡೂದು, ಅದು ದೇವರದು. ಎಡಗಾಲು ನಂದಿರ್ಲಿ," ಅಂದ.

ಗುಡ್ಡಾಪುರದ ದಾನಮ್ಮನ ಜಾತ್ರೆಗೆ ಹೋದವರಿಗೆ ಗೊತ್ತು, ಗುಡಿಯ ಹೊರಗೆ ಚಪ್ಪಲಿಯ ರಾಶಿ. ಎಲ್ಲ ಒಂದೇ ಬಣ್ಣ. ನಮ್ಮೂರಿನವರು ಮಾತ್ರ ಬಗ್ಗಿ, ಎಡಚಪ್ಪಲಿಯ ಕಿವಿ ಮಡಚಿ, ಹೆಬ್ಬೆರಳಿನಿಂದ ತಡವಿ ನೋಡುತ್ತಿದ್ದರು. ಚುಕ್ಕಿ ತಗುಲಿತೋ, ಇದು ನಮ್ಮದು. ಬರಬರುತ್ತಾ ಬೇರೆ ಊರಿನವರೂ ಸಂತೆಯಲ್ಲಿ "ಮೂರು ಚುಕ್ಕಿ ಅದಾವೇನ್ರಿ?" ಅಂತ ಕೇಳತೊಡಗಿದರು. ನಾನು ಆಗಷ್ಟೇ ಎಂ.ಕಾಂ. ಓದುತ್ತಿದ್ದೆ. ಬ್ರ್ಯಾಂಡ್ ಅಂದರೆ ಏನು ಅಂತ ಇಂಗ್ಲಿಷ್ ಪುಸ್ತಕದಲ್ಲಿ ಬಾಯಿಪಾಠ ಮಾಡುತ್ತಿದ್ದೆ. ನನ್ನ ಕಾಲಲ್ಲೇ ಅದು ಇತ್ತು, ಕಾಣಲಿಲ್ಲ ನೋಡಿ.

ಆಮೇಲೆ ಪೇಟೆಯ ಒಬ್ಬ ವ್ಯಾಪಾರಿ ಬಂದ. ಮಾಡಿದ್ದೆಲ್ಲ ನನಗೇ ಕೊಡು, ಜೋಡಿಗೆ 5 ರೂಪಾಯಿ ಜಾಸ್ತಿ, ಆದರೆ ಆ ಚುಕ್ಕಿ ಬೇಡ ಅಂದ. ಯಾಕೆ ಬೇಡ? ಗಿರಾಕಿ ಅಂಗಡಿ ದಾಟಿ ನೇರ ಓಣಿಗೆ ಬಂದಾನು ಅಂತ. ವ್ಯಾಪಾರಿ ಮಾರುಕಟ್ಟೆಯನ್ನು ನನಗಿಂತ ಚೆನ್ನಾಗಿ ಓದಿಕೊಂಡಿದ್ದ. ಒಪ್ಪಬೇಡ ಅಂತ ನಾನು ಅಜ್ಜನಿಗೆ ಅಂದೆ. ಅಜ್ಜ ನಕ್ಕ. "ತಮ್ಮಾ, ಚುಕ್ಕಿ ಏನ್ ಹೊಟ್ಟಿ ತುಂಬಸ್ತಾವೇನು?" ಮಳೆ ಇಲ್ಲದ ವರ್ಷ, ನನ್ನ ಬಳಿ ಉತ್ತರ ಇರಲಿಲ್ಲ. ನಾಲ್ಕು ವರ್ಷ ಹಾಗೇ ನಡೆಯಿತು. ವ್ಯಾಪಾರಿಗೆ ಬೇರೆ ಕಡೆ ಅಗ್ಗದ ಮಾಲು ಸಿಕ್ಕಿತು, ಬರುವುದು ಬಿಟ್ಟ. ಅಜ್ಜ ಮತ್ತೆ ಚುಕ್ಕಿ ಒತ್ತಿ ಸಂತೆಗೆ ಒಯ್ದ. ಕೇಳುವವರೇ ಇಲ್ಲ. ಹೊಸ ಹುಡುಗರಿಗೆ ಅದು ಏನೆಂದೇ ತಿಳಿಯದು. ಒಬ್ಬ ಅದನ್ನು ತೂತು ಅಂದುಕೊಂಡು ಎರಡು ರೂಪಾಯಿ ಚೌಕಾಶಿ ಮಾಡಿದ!

ಇದನ್ನು ಪ್ಯಾರಿಸ್ಸಿನ ಜೊತೆ ಇಟ್ಟು ನೋಡಿ. ಎರ್ಮೆಸ್ ಎಂಬ ಕಂಪನಿ 1837ರಲ್ಲಿ ಕುದುರೆಯ ಲಗಾಮು, ಸರಂಜಾಮು ಹೊಲಿಯುತ್ತಾ ಶುರುವಾದದ್ದು. ಅವರದೂ ಚರ್ಮದ ಕೆಲಸವೇ. ಇವತ್ತಿಗೂ ಅವರ ಚರ್ಮದ ಬ್ಯಾಗಿನೊಳಗೆ ಅದನ್ನು ಹೊಲಿದ ಕೆಲಸಗಾರನ ಸಣ್ಣ ಗುರುತು ಇರುತ್ತದೆ. ನಮ್ಮ ಅಜ್ಜನ ಮೂರು ಚುಕ್ಕಿಯೇ ಅಲ್ಲವೇನ್ರಿ ಅದು? ಲೂಯಿ ವಿತೊನ್ 1854ರಲ್ಲಿ ಪೆಟ್ಟಿಗೆ ಮಾಡುವ ಅಂಗಡಿ ಇಟ್ಟ. ಎಲ್ಲರೂ ನಕಲು ಮಾಡತೊಡಗಿದರು. ಅವನ ಮಗ ಜಾರ್ಜ್ 1896ರಲ್ಲಿ ಅಪ್ಪನ ಹೆಸರಿನ ಎರಡು ಅಕ್ಷರ ಹೆಣೆದು ಬಟ್ಟೆಯ ತುಂಬಾ ಅಚ್ಚು ಹಾಕಿಸಿದ. ಈಗ ಜನ ದುಡ್ಡು ಕೊಡುವುದು ಪೆಟ್ಟಿಗೆಗೋ, ಆ ಎರಡು ಅಕ್ಷರಕ್ಕೋ?

ಬೆಲೆ, ರಿಯಾಯಿತಿ ಬಗ್ಗೆ ಮಾತಾಡುವುದಿತ್ತು, ಗಾಜಿನ ಆಚೆ ಇರುವವರು ಗಡಿಯಾರ ತೋರಿಸುತ್ತಿದ್ದಾರೆ. ಬೇಗ ಹೇಳಿಬಿಡುತ್ತೇನೆ. ಲಂಡನ್ನಿನ ಬರ್ಬೆರಿ ಕಂಪನಿ ಒಂದೇ ವರ್ಷದಲ್ಲಿ 2.86 ಕೋಟಿ ಪೌಂಡ್ ಬೆಲೆಯ ಮಾರಾಟವಾಗದ ಮಾಲನ್ನು ನಾಶ ಮಾಡಿತು. ಅಗ್ಗಕ್ಕೆ ಮಾರಿದರೆ ಹೆಸರು ಹೋಗುತ್ತದೆಂಬ ಭಯ. 2018ರಲ್ಲಿ ಸುದ್ದಿ ಹೊರಬಿದ್ದು ಜನ ಬೈದ ಮೇಲೆ ಬಿಟ್ಟರು. ನೀವು ಸುಡಬೇಡಿ ಮಾರಾಯರೇ, ಆದರೆ ಸಂತೆ ಮುಗಿಯುವ ಹೊತ್ತಿಗೆ ಅರ್ಧ ಬೆಲೆಗೆ ಕೊಡುವ ಚಾಳಿಯನ್ನಾದರೂ ಬಿಡಿ. ಕಂಡಕಂಡ ವಸ್ತುವಿಗೆಲ್ಲ ಹೆಸರನ್ನು ಬಾಡಿಗೆಗೆ ಕೊಟ್ಟ ಫ್ರಾನ್ಸಿನ ಉಡುಪು ವಿನ್ಯಾಸಕ ಪಿಯರ್ ಕಾರ್ಡಿನ್‌ನ ಕಥೆ ಇನ್ನೊಮ್ಮೆ.

ಕೊನೆಯದಾಗಿ ಕೆಲಸದ ಮಾತು. ಜಿಐ ಇದೆ ಅಂದಮಾತ್ರಕ್ಕೆ ನಿಮ್ಮ ಹೆಸರು ಅದರಲ್ಲಿ ತಾನಾಗಿ ಸೇರುವುದಿಲ್ಲ. ಪ್ರತಿಯೊಬ್ಬ ಕುಶಲಕರ್ಮಿಯೂ 'ಅಧಿಕೃತ ಬಳಕೆದಾರ' ಎಂದು ಬೇರೆಯಾಗಿಯೇ ನೋಂದಾಯಿಸಿಕೊಳ್ಳಬೇಕು. ಲಿಡ್‌ಕಾಮ್‌ನವರು ಈಗ ಕ್ಯೂಆರ್ ಸಂಕೇತವನ್ನೂ ತಂದಿದ್ದಾರೆ. ಫೋನ್ ಹಿಡಿದರೆ ಚಪ್ಪಲಿ ಮಾಡಿದವರ ಹೆಸರು, ಜಿಲ್ಲೆ ಕಾಣುತ್ತದೆ. ಆ ಅಜ್ಜನ ಮೊಮ್ಮಗನಿಗೆ ಇದನ್ನು ಮೂರು ಸಲ ಹೇಳಿದ್ದೇನೆ. "ನೋಡೂಣ್ರಿ ಸರ್, ಖರ್ಚು ಎಷ್ಟ್ ಆಕ್ಕೈತೋ ಏನೋ," ಅನ್ನುತ್ತಾನೆ. ತಮ್ಮಾ, ನೀನೂ ಕೇಳುತ್ತಿದ್ದರೆ ಕೇಳಿಸಿಕೋ: ನೋಂದಣಿಯ ಸರ್ಕಾರಿ ಶುಲ್ಕ ಮೊದಲು 500 ರೂಪಾಯಿ ಇತ್ತು, 2020ರಲ್ಲಿ ಇಳಿಸಿದರು. ಈಗ ಅದು 10 ರೂಪಾಯಿ. ನಾಳೆ ಬೆಳಿಗ್ಗೆ ಆಧಾರ್ ಕಾರ್ಡ್ ತೆಗೆದುಕೊಂಡು ಮನೆಗೆ ಬಾ, ಅರ್ಜಿ ನಾನೇ ತುಂಬಿಕೊಡುತ್ತೇನೆ. ನಮಸ್ಕಾರ.