ಮೊದಲ ಸಲ ಮತಗಟ್ಟೆಗೆ ಹೋಗುವವರಿಗೆ: ಲೆಕ್ಕ ತಪ್ಪುವ ಜಾಗಗಳು

ಎಲ್ಲರಿಗೂ ನಮಸ್ಕಾರ. ಚುನಾವಣಾ ಕರ್ತವ್ಯದ ಆದೇಶ ಮೊದಲ ಸಲ ಕೈಗೆ ಬಂದವರಿಗೆಲ್ಲ ಭಯ ಇರುವುದು ಮತಯಂತ್ರದ ಬಗ್ಗೆ. ಯಂತ್ರ ಕೈಕೊಟ್ಟರೆ ಸೆಕ್ಟರ್ ಅಧಿಕಾರಿ ಬದಲಿ ಯಂತ್ರ ತರುತ್ತಾರೆ. ಬಿದ್ದ ಮತಗಳ ಲೆಕ್ಕ ತಪ್ಪಿದರೆ ಯಾರೂ ತಂದುಕೊಡಲಾರರು. ಹಾಗಾಗಿ ಲೆಕ್ಕ ಎಲ್ಲೆಲ್ಲಿ ತಪ್ಪುತ್ತದೆ ಎನ್ನುವುದನ್ನೇ ಇವತ್ತು ಹೆಚ್ಚು ಹೇಳುತ್ತೇನೆ.

ಅದಕ್ಕೂ ಮೊದಲು ನಿಮ್ಮ ಸ್ವಂತ ಮತ. ಲೋಕಸಭಾ ಚುನಾವಣೆಯಲ್ಲಿ ನಿಮ್ಮ ಹೆಸರಿರುವ ಕ್ಷೇತ್ರದೊಳಗೇ ಕರ್ತವ್ಯ ಬಿದ್ದರೆ ನಮೂನೆ 12ಎ ತುಂಬಿ ಇಡಿಸಿ (ಚುನಾವಣಾ ಕರ್ತವ್ಯ ಪ್ರಮಾಣಪತ್ರ) ಪಡೆಯಿರಿ, ಕರ್ತವ್ಯದ ಮತಗಟ್ಟೆಯಲ್ಲೇ ಮತ ಹಾಕಬಹುದು. ಬೇರೆ ಕ್ಷೇತ್ರವಾದರೆ ನಮೂನೆ 12, ಅಂದರೆ ಅಂಚೆ ಮತ. ತರಬೇತಿಯ ದಿನವೇ ಕೊಟ್ಟುಬಿಡಿ; ಮಸ್ಟರಿಂಗ್ ದಿನದ, ಅಂದರೆ ಮತಗಟ್ಟೆಯ ಸಾಮಾನು ಹಂಚುವ ದಿನದ, ಗದ್ದಲದಲ್ಲಿ ಕೇಳುವವರಿರುವುದಿಲ್ಲ.

ಮಸ್ಟರಿಂಗ್ ಕೇಂದ್ರದಲ್ಲಿ ಸಾಮಾನು ಸಿಕ್ಕ ತಕ್ಷಣ ಬಸ್ಸಿಗೆ ಓಡಬೇಡಿ. ಕಂಟ್ರೋಲ್ ಯುನಿಟ್ (ಅಧಿಕಾರಿಯ ಮೇಜಿನದು), ಬ್ಯಾಲೆಟ್ ಯುನಿಟ್ (ಮತದಾರರು ಗುಂಡಿ ಒತ್ತುವುದು), ವಿವಿಪ್ಯಾಟ್ (ಮತದ ಚೀಟಿ ಮುದ್ರಿಸಿ ತೋರಿಸುವುದು) ಮೂರರ ಕ್ರಮಸಂಖ್ಯೆಯನ್ನೂ ಪಟ್ಟಿಯೊಂದಿಗೆ ಹೊಂದಿಸಿ ನೋಡಿ. ಯಂತ್ರ ಆನ್ ಮಾಡಿ ಪರೀಕ್ಷಿಸುವ ಜಾಗ ಅದಲ್ಲ. ಗುರುತು ಹಾಕುವ ಮತದಾರರ ಪಟ್ಟಿ ನಿಮ್ಮದೇ ಭಾಗಸಂಖ್ಯೆಯದೇ, ಪುಟಗಳೆಲ್ಲ ಇವೆಯೇ, ಪೂರಕ ಪಟ್ಟಿ ಸೇರಿದೆಯೇ ಎಂದು ಪುಟ ತಿರುವಿ ನೋಡಿ. ಪಕ್ಕದ ಮತಗಟ್ಟೆಯ ಪಟ್ಟಿ ಬಂದಿದ್ದರೆ ರಾತ್ರಿ ಹಳ್ಳಿ ಶಾಲೆ ಸೇರಿದ ಮೇಲೆ ಗೊತ್ತಾದರೆ ಏನು ಮಾಡುತ್ತೀರಿ? ಇನ್ನು ಹೊದಿಕೆ, ಟಾರ್ಚು, ಸೊಳ್ಳೆಬತ್ತಿ, ನಿಮ್ಮ ಮಾತ್ರೆ, ಇವು ಯಾವ ಕಿಟ್ಟಿನಲ್ಲೂ ಬರುವುದಿಲ್ಲ.

ಮತದಾನ ಏಳಕ್ಕಾದರೆ, ಯಂತ್ರ ಸರಿಯಿದೆಯೇ ಎಂದು ನೋಡುವ ಅಣಕು ಮತದಾನ ಐದೂವರೆಗೆ. ಅಭ್ಯರ್ಥಿಗಳ ಏಜೆಂಟರು ಬಾರದಿದ್ದರೆ ಹದಿನೈದು ನಿಮಿಷ ಕಾದು ಶುರು ಮಾಡಿ. ಬ್ಯಾಲೆಟ್ ಯುನಿಟ್ಟಿನ ವೈರು ವಿವಿಪ್ಯಾಟಿಗೆ, ವಿವಿಪ್ಯಾಟಿನದು ಕಂಟ್ರೋಲ್ ಯುನಿಟ್ಟಿಗೆ. ಜೋಡಿಸುವಾಗಲೂ ಬಿಚ್ಚುವಾಗಲೂ ಕಂಟ್ರೋಲ್ ಯುನಿಟ್ ಆಫ್ ಆಗಿರಲೇಬೇಕು. ವಿವಿಪ್ಯಾಟ್ ಹಿಂಬದಿಯ ನಾಬ್ ಸಾಗಣೆಯಲ್ಲಿ ಅಡ್ಡವಾಗಿರುತ್ತದೆ, ಕೆಲಸಕ್ಕೆ ನೆಟ್ಟಗೆ ತಿರುಗಿಸಬೇಕು. ಅದನ್ನು ಮರೆತು ಯಂತ್ರ ಕೆಟ್ಟಿದೆ ಎಂದು ಫೋನು ಮಾಡುವವರಿದ್ದಾರೆ. ಬಲ್ಬಿನ ನೇರ ಕೆಳಗೋ ಕಿಟಕಿಯ ಬಿಸಿಲಿಗೋ ವಿವಿಪ್ಯಾಟ್ ಇಡಬೇಡಿ; ಒಳಗಿನ ಸೆನ್ಸರ್ ದಾರಿ ತಪ್ಪುತ್ತದೆ.

ಕನಿಷ್ಠ 50 ಮತ, ನೋಟಾ ಸೇರಿ ಪ್ರತಿ ಗುಂಡಿಗೂ ಒಂದಾದರೂ. ಯಾವುದಕ್ಕೆ ಎಷ್ಟು ಎಂದು ಒಬ್ಬರು ಹಾಳೆಯಲ್ಲಿ ಗೀಟು ಹಾಕುತ್ತಿರಲಿ. ಆಮೇಲೆ ಕಂಟ್ರೋಲ್ ಯುನಿಟ್ಟಿನ ಕ್ಲೋಸ್, ರಿಸಲ್ಟ್, ಕ್ಲಿಯರ್ ಗುಂಡಿಗಳು, ಇದೇ ಕ್ರಮ. ರಿಸಲ್ಟನ್ನು ಹಾಳೆಗೂ ವಿವಿಪ್ಯಾಟ್ ಚೀಟಿಗಳಿಗೂ ತಾಳೆ ನೋಡಿ. ಎಡವುವುದು ಇಲ್ಲೇ: ಹೊರಗೆ ಸಾಲು ಬೆಳೆದಿರುತ್ತದೆ, ಏಜೆಂಟರು ಅವಸರಪಡಿಸುತ್ತಾರೆ, ಕ್ಲಿಯರ್ ಒತ್ತುವುದು ತಪ್ಪಿಹೋಗುತ್ತದೆ. ಆ 50 ಮತ ಸಂಜೆಯ ಲೆಕ್ಕದಲ್ಲಿ ಕೂತಿರುತ್ತದೆ. ಕ್ಲಿಯರ್ ಒತ್ತಿದ ಮೇಲೆ ಟೋಟಲ್ ಒತ್ತಿ, ಸೊನ್ನೆಯನ್ನು ಏಜೆಂಟರಿಗೆ ತೋರಿಸಿ. ವಿವಿಪ್ಯಾಟ್ ಪೆಟ್ಟಿಗೆಯಿಂದ ಅಣಕು ಚೀಟಿಗಳನ್ನೆಲ್ಲ ತೆಗೆದು ಹಿಂದೆ ಮೊಹರೊತ್ತಿ ಕಪ್ಪು ಲಕೋಟೆಗೆ ಹಾಕಿ. ಖಾಲಿ ಪೆಟ್ಟಿಗೆಯನ್ನೂ ತೋರಿಸಿ. ಆಮೇಲೇ ಕಂಟ್ರೋಲ್ ಯುನಿಟ್ಟಿಗೆ ಹಸಿರು ಪೇಪರ್ ಸೀಲು.

ಮತದಾನ ಶುರುವಾದ ಮೇಲೆ ಕೆಲಸ ಮೂರು ಮೇಜಿನದು. ಮೊದಲನೆಯವರು, ನಮ್ಮಲ್ಲಿ ಎಪಿಆರ್‌ಒ (ಸಹಾಯಕ ಅಧ್ಯಕ್ಷಾಧಿಕಾರಿ), ಗುರುತು ನೋಡಿ ಹೆಸರನ್ನು ಏಜೆಂಟರಿಗೆ ಕೇಳಿಸುವಂತೆ ಓದಿ ಪಟ್ಟಿಯಲ್ಲಿ ಗೆರೆ ಎಳೆಯುತ್ತಾರೆ. ಮಹಿಳೆಯಾದರೆ ಕ್ರಮಸಂಖ್ಯೆಗೆ ಸುತ್ತು ಸಹ ಹಾಕಬೇಕು. ಇದನ್ನು ಬಿಟ್ಟರೆ ಎರಡು ಗಂಟೆಗೊಮ್ಮೆ ಗಂಡು ಹೆಣ್ಣಿನ ಲೆಕ್ಕ ಕೇಳಿದಾಗ ತಡವರಿಸುತ್ತೀರಿ. ಎರಡನೆಯವರು ಎಡಗೈ ತೋರುಬೆರಳಿಗೆ ಉಗುರಿನ ತುದಿಯಿಂದ ಮೊದಲ ಗೆಣ್ಣಿನವರೆಗೆ ಶಾಯಿ ಎಳೆದು, ಆಮೇಲೆ 17ಎ ವಹಿಯಲ್ಲಿ, ಅಂದರೆ ಮತದಾರರ ರಿಜಿಸ್ಟರಿನಲ್ಲಿ, ಸಹಿ ಪಡೆದು ಚೀಟಿ ಕೊಡುತ್ತಾರೆ. ಶಾಯಿ ಮೊದಲು, ಸಹಿ ಆಮೇಲೆ, ಏಕೆಂದರೆ ಅಷ್ಟರಲ್ಲಿ ಅದು ಒಣಗಬೇಕು. 1962ರಿಂದ ಈ ಶಾಯಿ ಹೋಗುತ್ತಿರುವುದು ನಮ್ಮ ಮೈಸೂರು ಪೇಂಟ್ಸಿನಿಂದ. ಹಸಿಯಿದ್ದಾಗ ಒರೆಸಿಕೊಂಡರೆ ಆ ಹೆಸರೂ ಕಾಪಾಡಲಾರದು.

ಮೂರನೆಯವರ ಮೇಜು ಸುಲಭ ಅನ್ನಿಸುತ್ತದೆ. ಚೀಟಿ ತಗೋ, ಕಂಟ್ರೋಲ್ ಯುನಿಟ್ಟಿನ ಬ್ಯಾಲೆಟ್ ಗುಂಡಿ ಒತ್ತು, ಅಷ್ಟೇ ತಾನೇ? ಆದರೆ ಮಧ್ಯಾಹ್ನದ ತೂಕಡಿಕೆಯಲ್ಲಿ ಲೆಕ್ಕ ಜಾರುವುದು ಇಲ್ಲಿಂದಲೇ. ಗುಂಡಿ ಒತ್ತಿದಾಗ ಕೆಂಪು ಬಿಝಿ ದೀಪ ಹತ್ತುತ್ತದೆ. ಮತದಾರರು ಒತ್ತಿದ ಮೇಲೆ ವಿವಿಪ್ಯಾಟ್ ಚೀಟಿ 7 ಸೆಕೆಂಡು ಕಂಡು ಬೀಳುತ್ತದೆ, ಬೀಪ್ ಕೇಳುತ್ತದೆ. ಬೀಪ್ ಕೇಳಿಸಲಿಲ್ಲವೆಂದರೆ ಮತ ಬಿದ್ದಿಲ್ಲ. ವಯಸ್ಸಾದವರು ಒತ್ತದೆಯೇ ಹೊರಟರೆ ಮೆಲ್ಲಗೆ ವಾಪಸ್ ಕಳಿಸಿ. ಯಾರಾದರೂ ಸಹಿ ಹಾಕಿ, ಮತ ಬೇಡವೆಂದರೆ ಷರಾ ಕಾಲಂನಲ್ಲಿ ಬರೆಯಿರಿ. ಒತ್ತಾಯ ಬೇಡ.

ಗಂಟೆಗೊಮ್ಮೆ, ಬಿಝಿ ದೀಪ ಆರಿದ್ದಾಗ, ಟೋಟಲ್ ಒತ್ತಿ 17ಎ ಕೊನೆಯ ಸಂಖ್ಯೆಯ ಜೊತೆ ಹೋಲಿಸಿ. ಚೀಟಿ ಹಿಡಿದು ನಿಂತವರನ್ನೂ ಮತ ನಿರಾಕರಿಸಿದವರನ್ನೂ ಕಳೆದರೆ ಎರಡೂ ಒಂದೇ ಆಗಬೇಕು. ಹತ್ತು ಗಂಟೆಗೆ ಕಂಡ ಒಂದು ಮತದ ವ್ಯತ್ಯಾಸವನ್ನು ಹುಡುಕಬಹುದು, ಆರಕ್ಕೆ ಕಂಡದ್ದನ್ನು ಹುಡುಕಲಾಗದು. ಟೆಂಡರ್ ಮತವನ್ನು (ತಮ್ಮ ಹೆಸರಿನಲ್ಲಿ ಬೇರೊಬ್ಬರು ಆಗಲೇ ಮತ ಹಾಕಿದ್ದಾಗ ಕೊಡುವ ಮತ) ಮಾತ್ರ ಇದರಲ್ಲಿ ಸೇರಿಸಬೇಡಿ: ಅದು ಕಾಗದದ ಮೇಲೆ, 17ಬಿಯಲ್ಲಿ ಬರೆದು ಲಕೋಟೆಗೆ ಹೋಗುತ್ತದೆ, ಯಂತ್ರಕ್ಕಲ್ಲ.

ನಡುವೆ ವಿವಿಪ್ಯಾಟ್ ಒಂದೇ ಕೆಟ್ಟರೆ ಅದೊಂದನ್ನೇ ಬದಲಿಸಿ, ಅಣಕು ಮತದಾನ ಬೇಡ. ಕಂಟ್ರೋಲ್ ಅಥವಾ ಬ್ಯಾಲೆಟ್ ಯುನಿಟ್ ಕೆಟ್ಟರೆ ಮೂರನ್ನೂ ಬದಲಿಸಿ, ನೋಟಾ ಸೇರಿ ಪ್ರತಿ ಅಭ್ಯರ್ಥಿಗೆ ಒಂದೊಂದು ಅಣಕು ಮತ ಹಾಕಿ ಅಳಿಸಬೇಕು.

ಮುಗಿಯುವ ಹೊತ್ತಿಗೆ ಸಾಲಿನಲ್ಲಿದ್ದವರಿಗೆ ಸಂಖ್ಯೆಯ ಚೀಟಿ ಕೊಡಿ, ಸಾಲಿನ ಬಾಲದಿಂದ. ಕಟ್ಟಕಡೆಯವರಿಗೆ 1. ಮುಂದಿನಿಂದ ಕೊಡುತ್ತ ಬಂದರೆ ಹಿಂದೆ ಸಾಲು ಬೆಳೆಯುತ್ತಲೇ ಇರುತ್ತದೆ.

ಕೊನೆಯ ಮತದ ಬಳಿಕ ಕ್ಲೋಸ್. ಬಿಝಿ ದೀಪ ಉರಿಯುತ್ತಿದ್ದರೆ ಕ್ಲೋಸ್ ಕೆಲಸ ಮಾಡದು. ಕ್ಲೋಸ್ ಆಗದ ಯಂತ್ರ ಎಣಿಕೆಯ ಮೇಜಿನಲ್ಲಿ ರಿಸಲ್ಟ್ ತೋರಿಸದು. ಒಟ್ಟು ಮತವನ್ನು ನಮೂನೆ 17ಸಿಯಲ್ಲಿ, ಅಂದರೆ ದಾಖಲಾದ ಮತಗಳ ಲೆಕ್ಕಪತ್ರದಲ್ಲಿ, ಬರೆದು, ಹಾಜರಿದ್ದ ಪ್ರತಿ ಏಜೆಂಟರಿಗೂ ದೃಢೀಕರಿಸಿದ ಪ್ರತಿ ಕೊಡಿ. ಆಫ್ ಮಾಡಿ ವೈರು ಬಿಚ್ಚಿ, ನಾಬ್ ಮತ್ತೆ ಅಡ್ಡ ಮಾಡಿ, ವಿವಿಪ್ಯಾಟಿನ ಬ್ಯಾಟರಿ ತೆಗೆಯಿರಿ. ಸಾಮಾನು ಹಿಂದಿರುಗಿಸುವ ಡಿ-ಮಸ್ಟರಿಂಗ್ ಮೇಜಿನಲ್ಲಿ ಮೊದಲು ಕೇಳುವುದು 17ಸಿ ಮತ್ತು ಪಿಆರ್‌ಒ (ಅಧ್ಯಕ್ಷಾಧಿಕಾರಿ) ಡೈರಿ. ಅವನ್ನು ಯಂತ್ರದ ಪೆಟ್ಟಿಗೆಯೊಳಗಿಟ್ಟು ಅರಗು ಹಾಕಿಬಿಡಬೇಡಿ, ಕೈಯಲ್ಲೇ ಇರಲಿ.