ತೂಕ ಹೋಗಿ ಬರುವ ಎರಡು ನಿಮಿಷ

ಎಲ್ಲರಿಗೂ ನಮಸ್ಕಾರ.

ರೋಲರ್ ಕೋಸ್ಟರ್ ಅಂದ ಕೂಡಲೇ ಜನ ಕೇಳುವುದು ಎರಡೇ ಪ್ರಶ್ನೆ. ಎಷ್ಟು ಎತ್ತರ? ಎಷ್ಟು ಸ್ಪೀಡು? ಈ ಎರಡು ಲೆಕ್ಕ ನೋಡಿಕೊಂಡು ಕೋಸ್ಟರ್ ಆರಿಸಬೇಡಿ ಅಂತ ಹೇಳುವುದಕ್ಕೇ ನಾನು ಇವತ್ತು ಬಂದಿದ್ದೇನೆ.

ವಿಮಾನ ಗಂಟೆಗೆ 800 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರುತ್ತದೆ, ನಾವು ಆರಾಮಾಗಿ ಕಾಫಿ ಕುಡಿಯುತ್ತಿರುತ್ತೇವೆ. ಒಂದೇ ಸಮನೆ ಇರುವ ವೇಗ ಮೈಗೆ ಗೊತ್ತೇ ಆಗುವುದಿಲ್ಲ. ವೇಗ ಬದಲಾದಾಗ, ದಿಕ್ಕು ತಿರುಗಿದಾಗ ಮಾತ್ರ ಗೊತ್ತಾಗುತ್ತದೆ. ಆಗ ನಮ್ಮ ತೂಕವೇ ಹೆಚ್ಚು ಕಡಿಮೆ ಆದಂತೆ ಅನಿಸುತ್ತದೆ. ಜಾತ್ರೆಯ ಜಾಯಿಂಟ್ ವೀಲ್ ಮೇಲಿಂದ ಇಳಿಯುವಾಗ ಹೊಟ್ಟೆ ಜುಂ ಅನ್ನುತ್ತದೆ ಅಲ್ವಾ? ಕೋಸ್ಟರ್ ಮಾಡುವುದೂ ಅದನ್ನೇ. ಆದರೆ ಒಂದೊಂದು ಕೋಸ್ಟರ್ ನಿಮ್ಮ ತೂಕವನ್ನು ಒಂದೊಂದು ಕಡೆಗೆ ಎಳೆಯುತ್ತದೆ. ಅದಕ್ಕೇ ಎರಡು ಕೋಸ್ಟರ್ ಒಂದೇ ತರಹ ಇರುವುದಿಲ್ಲ.

ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ, ಸಮುದ್ರದ ದಂಡೆಯಲ್ಲಿ ಕೋನಿ ಐಲ್ಯಾಂಡ್ ಇದೆ. 1884ರಲ್ಲಿ ಲಾಮಾರ್ಕಸ್ ಥಾಂಪ್ಸನ್ ಎಂಬುವರು ಅಲ್ಲಿ ಇಳಿಜಾರಿನಲ್ಲಿ ಓಡುವ ಒಂದು ರೈಲು ಕಟ್ಟಿ 5 ಸೆಂಟ್ ಟಿಕೆಟ್ ಇಟ್ಟರು. ಅದರ ವೇಗ ಗಂಟೆಗೆ ಸುಮಾರು 10 ಕಿಲೋಮೀಟರ್ ಅಷ್ಟೇ. ಆದರೂ ಜನ ಮುಗಿಬಿದ್ದರು. ಅದೇ ಜಾಗದಲ್ಲಿ 1927ರಲ್ಲಿ ಶುರುವಾದ ಸೈಕ್ಲೋನ್ ಎಂಬ ಕೋಸ್ಟರ್ ಇವತ್ತಿಗೂ ಓಡುತ್ತಿದೆ. ಎತ್ತರ 26 ಮೀಟರ್, ವೇಗ ಗಂಟೆಗೆ ಸುಮಾರು 96 ಕಿಲೋಮೀಟರ್. ಇವತ್ತಿನ ಲೆಕ್ಕದಲ್ಲಿ ಏನೇನೂ ಅಲ್ಲ. ಆದರೆ ಹತ್ತಿ ನೋಡಿ.

ಕೂತ ಮೇಲೆ ತೊಡೆಯ ಮೇಲೆ ಒಂದು ಕಬ್ಬಿಣದ ಸರಳು ಬರುತ್ತದೆ. ಅದೇ ಲ್ಯಾಪ್ ಬಾರ್. ಚೈನು ಟ್ರೇನನ್ನು ಎಳೆದುಕೊಂಡು ಹತ್ತುವಾಗ ಟಕ್ ಟಕ್ ಟಕ್ ಅಂತ ಸದ್ದು. ಚೈನು ಕೈಕೊಟ್ಟರೂ ಟ್ರೇನು ಹಿಂದಕ್ಕೆ ಜಾರದಂತೆ ಹಿಡಿಯುವ ಕೊಂಡಿಯ ಸದ್ದು ಅದು. ಅದು ಕಾಯುತ್ತಿರುವುದು ನಮ್ಮನ್ನೇ, ಆದರೆ ಎದೆ ಬಡಿದುಕೊಳ್ಳುವುದೂ ಅದರ ಜೊತೆಗೇ. ಮೇಲಕ್ಕೆ ಹೋದರೆ ಸಮುದ್ರ ಕಾಣುತ್ತದೆ. ನೋಡುವಷ್ಟರಲ್ಲಿ ನೆಲ ಕಣ್ಮುಂದೆ ಬಂದಿರುತ್ತದೆ. ಆ ಮೊದಲ ಇಳಿಜಾರು 58 ಡಿಗ್ರಿ. ಟ್ರ್ಯಾಕ್ ಅಂದರೆ ಪದರ ಪದರವಾಗಿ ಜೋಡಿಸಿದ ಹಲಗೆ, ಮೇಲೆ ಉಕ್ಕಿನ ಪಟ್ಟಿ. ಮರ ಸ್ವಲ್ಪ ಬಾಗುತ್ತದೆ, ಅದುರುತ್ತದೆ. ಹಾಗಾಗಿ ಇಡೀ ಟ್ರೇನು ಗಡಗಡ ಅನ್ನುತ್ತದೆ, ಪಕ್ಕದವರ ಭುಜಕ್ಕೆ ನಿಮ್ಮ ಭುಜ ಬಡಿಯುತ್ತದೆ. ಈಗಲೋ ಆಗಲೋ ಕಳಚಿಕೊಂಡು ಬೀಳುತ್ತದೇನೋ ಅನ್ನುವ ಭಯವನ್ನು ಇದರಷ್ಟು ಚೆನ್ನಾಗಿ ಕೊಡುವುದು ಇನ್ನೊಂದಿಲ್ಲ ಎಂದೇ ನನಗೆ ಅನಿಸುತ್ತದೆ.

ಆದರೆ ಅದು ಕಳಚಿಕೊಳ್ಳುವುದಿಲ್ಲ. ಯಾಕೆ ಅಂತ ತಿಳಿದರೆ ಜಾನ್ ಮಿಲ್ಲರ್ ಎಂಬ ಎಂಜಿನಿಯರಿಗೆ ಕೈಮುಗಿಯಬೇಕು ಅನಿಸುತ್ತದೆ. ಚಕ್ರ ಟ್ರ್ಯಾಕಿನ ಮೇಲೆ ಮಾತ್ರ ಇದ್ದರೆ ಸಾಲದು, ಅಡಿಯಿಂದಲೂ ಹಿಡಿದುಕೊಳ್ಳುವ ಚಕ್ರ ಬೇಕು ಅಂತ ನೂರು ವರ್ಷದ ಹಿಂದೆಯೇ ಮಾಡಿ ತೋರಿಸಿದವರು ಅವರು. ಈಗಿನ ಕೋಸ್ಟರ್‌ಗೆ ಮೇಲೆ, ಪಕ್ಕದಲ್ಲಿ, ಅಡಿಯಲ್ಲಿ, ಹೀಗೆ ಮೂರು ಕಡೆ ಚಕ್ರ. ಟ್ರೇನು ಟ್ರ್ಯಾಕನ್ನು ಕಚ್ಚಿಕೊಂಡೇ ಇರುತ್ತದೆ. ಅಡಿ ಚಕ್ರ ಇಲ್ಲದಿದ್ದರೆ ಏರ್‌ಟೈಮ್ ಎಂಬ ಸುಖವೇ ಇರುತ್ತಿರಲಿಲ್ಲ.

ಏರ್‌ಟೈಮ್ ಅಂದರೇನು? ದಿಬ್ಬ ಹತ್ತಿದ ಟ್ರೇನು ವೇಗವಾಗಿ ಬಂದಿದೆ ಅಂದುಕೊಳ್ಳಿ. ನಿಮ್ಮ ಮೈ ಎಸೆದ ಕಲ್ಲಿನಂತೆ ಮೇಲಕ್ಕೇ ಹೋಗಲು ನೋಡುತ್ತದೆ. ಟ್ರ್ಯಾಕ್ ಅಷ್ಟರಲ್ಲಿ ಕೆಳಗೆ ಬಾಗಿರುತ್ತದೆ. ನೀವು ಸೀಟಿನಿಂದ ಏಳುತ್ತೀರಿ, ಲ್ಯಾಪ್ ಬಾರ್ ನಿಮ್ಮನ್ನು ಹಿಡಿದು ಕೆಳಕ್ಕೆ ತರುತ್ತದೆ. ತೂಕ ಇಲ್ಲವೇ ಇಲ್ಲ. ಒಂದು ಕ್ಷಣ ಅಷ್ಟೇ, ಆದರೆ ಆ ಕ್ಷಣಕ್ಕಾಗಿ ಗಂಟೆಗಟ್ಟಲೆ ಕ್ಯೂ ನಿಲ್ಲುವವರಲ್ಲಿ ನಾನೂ ಒಬ್ಬ.

ಅಮೆರಿಕದ ಒಹಾಯೊ ರಾಜ್ಯದ ಸೀಡರ್ ಪಾಯಿಂಟ್ ಎಂಬ ಪಾರ್ಕಿನಲ್ಲಿ ಎರಡು ಕೋಸ್ಟರ್‌ಗಳನ್ನು ಒಂದೇ ದಿನ ಹತ್ತಿದರೆ ನಾನು ಹೇಳುತ್ತಿರುವುದು ಚೆನ್ನಾಗಿ ಅರ್ಥವಾಗುತ್ತದೆ. 2000ದಲ್ಲಿ ಬಂದ ಮಿಲೆನಿಯಮ್ ಫೋರ್ಸ್ 94 ಮೀಟರ್ ಎತ್ತರ, ವೇಗ ಗಂಟೆಗೆ ಸುಮಾರು 150 ಕಿಲೋಮೀಟರ್. ಇಲ್ಲಿ ಚೈನಿಲ್ಲ, ಕೇಬಲ್ಲು ಎಳೆಯುತ್ತದೆ. ಸದ್ದು ಕಡಿಮೆ, ಏರುವುದೂ ಬೇಗ. ಒಂದು ಪಕ್ಕದಲ್ಲಿ ಈರಿ ಸರೋವರ. ಇಳಿದ ಮೇಲೆ ಉದ್ದುದ್ದ ತಿರುವು, ನೀರಿನ ಮೇಲೆ ಜಾರಿದಷ್ಟು ನುಣುಪು. ತೂಕ ಸೀಟಿಗೆ ಒತ್ತಿಕೊಂಡೇ ಇರುತ್ತದೆ. ಭಯಕ್ಕಿಂತ ಹಾರುವ ಖುಷಿ ಜಾಸ್ತಿ.

ಇನ್ನೊಂದು ಸ್ಟೀಲ್ ವೆಂಜೆನ್ಸ್. 1991ರಲ್ಲಿ ಕಟ್ಟಿದ ಮೀನ್ ಸ್ಟ್ರೀಕ್ ಎಂಬ ಮರದ ಕೋಸ್ಟರ್ ಹತ್ತಿದವರ ಮೈಕೈ ನೋಯಿಸುತ್ತಿತ್ತು. ಅದರ ಮರದ ಕಟ್ಟೋಣವನ್ನೇ ಬಳಸಿಕೊಂಡು, ಮೇಲೆ ಉಕ್ಕಿನ ಟ್ರ್ಯಾಕ್ ಹಾಕಿ, 2018ರಲ್ಲಿ ಇದನ್ನು ಶುರು ಮಾಡಿದರು. ಎತ್ತರ 62 ಮೀಟರ್, ವೇಗವೂ ಮಿಲೆನಿಯಮ್ ಫೋರ್ಸ್‌ಗಿಂತ ಕಡಿಮೆ. ಆದರೆ ಮೊದಲ ಇಳಿತ 90 ಡಿಗ್ರಿ, ನೇರ ಬಾವಿಗೆ ಬಿದ್ದ ಹಾಗೆ. ಆಮೇಲೆ ಚಿಕ್ಕ ಚಿಕ್ಕ ದಿಬ್ಬಗಳು ಒಂದರ ಹಿಂದೊಂದು. ಒಂದು ಸುತ್ತಿನಲ್ಲಿ 27 ಸೆಕೆಂಡಿಗಿಂತ ಹೆಚ್ಚು ಏರ್‌ಟೈಮ್ ಇದೆ ಅಂತ ಪಾರ್ಕಿನವರೇ ಹೇಳುತ್ತಾರೆ. ಜೇಬಿನಿಂದ ಮೊಬೈಲ್ ಹಾರಿಹೋಗುತ್ತದೆ ಅಂತ ಕ್ಯೂಗೆ ಮೊಬೈಲ್ ತರುವುದನ್ನೇ ನಿಷೇಧಿಸಿದ್ದರು. ನನ್ನನ್ನು ಕೇಳಿದರೆ ಇವೆರಡರಲ್ಲಿ ಸ್ಟೀಲ್ ವೆಂಜೆನ್ಸ್ ದೊಡ್ಡದು. ಎತ್ತರದಲ್ಲಲ್ಲ, ಅನುಭವದಲ್ಲಿ.

ತೂಕವನ್ನು ಬೆನ್ನಿಗೆ ತಳ್ಳುವ ಜಾತಿ ಇನ್ನೊಂದಿದೆ. ನ್ಯೂಜೆರ್ಸಿಯ ಕಿಂಗ್ಡಾ ಕಾ 139 ಮೀಟರ್ ಎತ್ತರವಿತ್ತು. ನಿಂತಲ್ಲಿಂದ ಮೂರೂವರೆ ಸೆಕೆಂಡಿನಲ್ಲಿ 206 ಕಿಲೋಮೀಟರ್ ವೇಗ. ತಲೆ ಸೀಟಿಗೆ ಅಂಟಿಕೊಳ್ಳುತ್ತಿತ್ತು, ಕಣ್ಣೀರು ಕಿವಿಯ ಕಡೆಗೆ ಹರಿಯುತ್ತಿತ್ತು, ಕಿರುಚಬೇಕೆಂದರೂ ಉಸಿರು ಇರುತ್ತಿರಲಿಲ್ಲ. ಆದರೆ ಒಂದು ಸಲ ಹತ್ತುವುದು, ಒಂದು ಸಲ ಇಳಿಯುವುದು, ಮುಗಿಯಿತು. 2024ರಲ್ಲಿ ನಿಲ್ಲಿಸಿ, ಮರುವರ್ಷ ಸಿಡಿಮದ್ದಿಟ್ಟು ಕೆಡವಿದರು. ಬೇಜಾರಾಯಿತು.

ತಲೆಕೆಳಗಾಗುವುದರ ಬಗ್ಗೆ ಎಲ್ಲರಿಗೂ ಹೆದರಿಕೆ. ನಿಜವಾಗಿ ಹೆದರಬೇಕಾಗಿದ್ದು 1895ರಲ್ಲಿ. ಕೋನಿ ಐಲ್ಯಾಂಡಿನ ಫ್ಲಿಪ್ ಫ್ಲ್ಯಾಪ್ ಕೋಸ್ಟರಿನ ಲೂಪ್, ಅಂದರೆ ತಲೆಕೆಳಗು ಮಾಡಿ ಸುತ್ತಿಸುವ ಟ್ರ್ಯಾಕಿನ ಸುತ್ತು, ಬಳೆಯಂತೆ ಪೂರ್ತಿ ದುಂಡಗಿತ್ತು. ದುಂಡನೆಯ ಲೂಪಿನಲ್ಲಿ ತುದಿಯಲ್ಲಿ ಬೀಳದಷ್ಟು ವೇಗ ಬೇಕೆಂದರೆ, ಕೆಳಗೆ ಒಳಹೋಗುವಾಗ ಕನಿಷ್ಠ ಆರು ಪಟ್ಟು ತೂಕ ಮೈಮೇಲೆ ಬೀಳುತ್ತದೆ. 60 ಕಿಲೋ ಇರುವವರು 360 ಕಿಲೋ ಆದಂತೆ. ಕತ್ತು ಉಳಿಯುತ್ತದೆಯೇ? 1976ರಲ್ಲಿ ಕ್ಯಾಲಿಫೋರ್ನಿಯಾದ ಮ್ಯಾಜಿಕ್ ಮೌಂಟನ್ ಪಾರ್ಕಿನಲ್ಲಿ ರೆವಲ್ಯೂಷನ್ ಎಂಬ ಕೋಸ್ಟರ್ ಬಂತು. ಜರ್ಮನಿಯ ಆಂಟನ್ ಶ್ವಾರ್ಜ್‌ಕಾಫ್ ಮತ್ತು ವರ್ನರ್ ಸ್ಟೆಂಗೆಲ್ ಅದರ ಲೂಪನ್ನು ಕಣ್ಣೀರ ಹನಿಯ ಆಕಾರಕ್ಕೆ ತಂದರು. ಬುಡದಲ್ಲಿ ಅಗಲ, ತುದಿಯಲ್ಲಿ ಕಿರಿದು. ಒತ್ತಡ ಮೆಲ್ಲಗೆ ಏರುತ್ತದೆ, ಮೆಲ್ಲಗೆ ಇಳಿಯುತ್ತದೆ. ಹಾಗಾಗಿ ಈಗಿನ ಲೂಪಿನಲ್ಲಿ ತಲೆಕೆಳಗಾದದ್ದು ಎಷ್ಟೋ ಜನರಿಗೆ ಗೊತ್ತೇ ಆಗುವುದಿಲ್ಲ. ನಮಗೆ ಹತ್ತಿರದಲ್ಲಿ ಬೇಕೆಂದರೆ, ಮುಂಬೈ–ಪುಣೆ ದಾರಿಯಲ್ಲಿ ಖೋಪೋಲಿ ಹತ್ತಿರದ ಇಮ್ಯಾಜಿಕಾ ಪಾರ್ಕಿನ ನೈಟ್ರೋ ಕೋಸ್ಟರ್ ಇದೆ. ಟ್ರೇನು ಹೊರಡುವ ಮುಂಚೆ ಕಾಲಡಿಯ ನೆಲವೇ ಸರಿದುಹೋಗುತ್ತದೆ, ಕಾಲು ಗಾಳಿಯಲ್ಲಿ ನೇತಾಡುತ್ತದೆ. ಐದು ಸಲ ತಲೆಕೆಳಗು.

ಕೊನೆಗೆ ಸೀಟಿನ ವಿಷಯ, ಯಾಕೆಂದರೆ ಒಂದೇ ಕೋಸ್ಟರ್ ಮುಂದೆ ಕೂತರೆ ಒಂದು, ಹಿಂದೆ ಕೂತರೆ ಇನ್ನೊಂದು. ದಿಬ್ಬದ ತುದಿಯಲ್ಲಿ ಮುಂದಿನವರು ಬಾಗಿದಾಗ ಟ್ರೇನಿನ ಉಳಿದ ಭಾಗ ಇನ್ನೂ ಹತ್ತುತ್ತಿರುತ್ತದೆ. ಹಾಗಾಗಿ ಅವರು ಇಳಿಜಾರು ನೋಡುತ್ತಾ ಒಂದು ಗಳಿಗೆ ತೂಗಾಡುತ್ತಾರೆ. ಹಿಂದಿನವರು ತುದಿಗೆ ಬರುವಷ್ಟರಲ್ಲಿ ಟ್ರೇನು ಬೀಳಲು ಶುರು ಮಾಡಿರುತ್ತದೆ. ಅವರನ್ನು ಸೆಳೆದುಕೊಂಡೇ ಹೋಗುತ್ತದೆ. ನೋಟ ಬೇಕಾದವರು ಮುಂದೆ ಕೂರಿ, ಏರ್‌ಟೈಮ್ ಬೇಕಾದವರು ಹಿಂದೆ. ಮೊದಲ ಸಲ ಹತ್ತುವವರು ನಡುವೆ ಕೂತರೆ ಒಳ್ಳೆಯದು. ತಲೆಯನ್ನು ಸೀಟಿಗೆ ಒರಗಿಸಿ, ಕಣ್ಣು ಟ್ರ್ಯಾಕ್ ಹೋಗುವ ಕಡೆಗೇ ಇರಲಿ, ಊಟ ಆದ ಕೂಡಲೇ ಹತ್ತಬೇಡಿ. ಹೃದಯದ ತೊಂದರೆ, ಕತ್ತುನೋವು ಇರುವವರು, ಬಸುರಿಯರು ಹತ್ತಲೇಬಾರದು.

ಇನ್ನು ನಿಮ್ಮ ಪ್ರಶ್ನೆಗಳನ್ನು ಕೇಳಿ.